ಕೋರ್ಟ್ ಕಟ್ಟೆ ಪ್ರಶ್ನೋತ್ತರ: ಮೊದ್ಲು ಕಾಗದ ಇಸ್ಕೊಳ್ಳಿ

ಹೋದ ಸಂಚಿಕೆಲಿ ಜಾಮೀನಿನ ಬಗ್ಗೆ ಬರೆದ ಮೇಲೆ ಪತ್ರ, ವಾಟ್ಸಾಪ್ ಮೆಸೇಜು ಎಲ್ಲಾ ಸೇರಿ ಒಂದು ಚೀಲ ತುಂಬೋಷ್ಟು ಬಂದಿವೆ. ಮುಕ್ಕಾಲು ಪಾಲು ಜನ ಬರೆದಿರೋದು ಒಂದೇ ಸಂಕಟ, ಎದುರು ಪಾರ್ಟಿಗೆ ಇನ್‌ಫ್ಲುಯೆನ್ಸ್ ಇದೆ ನಮಗೆ ಯಾರೂ ಇಲ್ಲ, ಕೋರ್ಟಲ್ಲಿ ಎಲ್ಲಾ ಒಳಗೊಳಗೇ ಆಗೋಗುತ್ತಂತೆ, ಕೇಳಿದ್ರೆ ಒಂದು ಕಾಪಿನೂ ಕೊಡಲ್ಲ ಅಂತಾರೆ ಅಂತ. ನಾನು ಮಂಡ್ಯದಲ್ಲಿ ಆರೋಪಿಗಳ ಪರ ಕೇಸ್ ನಡೆಸೋಕೆ ಶುರು ಮಾಡಿ 22 ವರ್ಷ ಆಯ್ತು, ವಾರಕ್ಕೆ ಒಂದೆರಡು ದಿನ ಮೈಸೂರು ಕೋರ್ಟಿಗೂ ಹೋಗ್ತೀನಿ, ಈ ಸಂಕಟ ದಿನಾ ಕಣ್ಣಾರೆ ನೋಡ್ತೀನಿ, ಹಾಗಾಗಿ ಈ ಸಲ ಬೇರೆ ಪ್ರಶ್ನೆ ಎಲ್ಲಾ ಪಕ್ಕಕ್ಕಿಟ್ಟು ಇದನ್ನೇ ತಗೊಂಡಿದೀನಿ. ಹೆಸರು ಬೇಡ ಅಂದವರೇ ಜಾಸ್ತಿ, ಅದಕ್ಕೆ ಎಲ್ಲರದ್ದೂ ಊರು ಮಾತ್ರ ಹಾಕಿದೀನಿ.

ಪ್ರಶ್ನೆ: ಅಕ್ಕಾ, ಗಣೇಶನ ಮೆರವಣಿಗೇಲಿ ಆದ ಹೊಡೆದಾಟಕ್ಕೆ ನನ್ನ ತಮ್ಮನ ಮೇಲೆ ಕೇಸ್ ಆಗಿದೆ. ಸ್ಟೇಷನ್‌ಗೆ ನಾಲ್ಕು ಸಲ ಹೋದೆ, ಎಫ್‌ಐಆರ್ ಕಾಪಿ ಕೊಡ್ತಿಲ್ಲ, ನಿಮಗೆ ಯಾಕೆ ಅದು, ಕೋರ್ಟಲ್ಲಿ ಗೊತ್ತಾಗುತ್ತೆ ಹೋಗಿ ಅಂತಾರೆ. ಎದುರು ಪಾರ್ಟಿಯೋರು ಎಮ್ಮೆಲ್ಲೆ ಕಡೆಯೋರು. ಏನ್ ಮಾಡೋದು? (ಮದ್ದೂರು ತಾಲ್ಲೂಕು)

ಉತ್ತರ: ನೋಡಿ ತಮ್ಮಾ, ಎದುರು ಪಾರ್ಟಿ ಯಾರ ಕಡೆಯೋರಾದ್ರೂ ಆಗ್ಲಿ, ಎಫ್‌ಐಆರ್ ಯಾರ ಜೇಬಲ್ಲೂ ಇಟ್ಕೊಳ್ಳೋ ಚೀಟಿ ಅಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಯೂತ್ ಬಾರ್ ಅಸೋಸಿಯೇಷನ್ ಕೇಸಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ, ಎಫ್‌ಐಆರ್ ಆದ 24 ಗಂಟೆ ಒಳಗೆ ಪೊಲೀಸ್ ವೆಬ್‌ಸೈಟಿಗೆ ಹಾಕ್ಬೇಕು, ನೆಟ್‌ವರ್ಕ್ ಸರಿಯಿಲ್ಲದ ಜಾಗ ಆದ್ರೂ 72 ಗಂಟೆ ದಾಟೋ ಹಾಗಿಲ್ಲ ಅಂತ. ಲೈಂಗಿಕ ಅಪರಾಧ, ಪೋಕ್ಸೋ, ಭಯೋತ್ಪಾದನೆ ಇಂಥ ಸೂಕ್ಷ್ಮ ಕೇಸುಗಳನ್ನ ಮಾತ್ರ ಹಾಕಂಗಿಲ್ಲ, ಹಾಕ್ಬಾರ್ದು ಅನ್ನೋ ತೀರ್ಮಾನನೂ ಡಿವೈಎಸ್ಪಿ ಮಟ್ಟದ ಆಫೀಸರ್ರೇ ತಗೋಬೇಕು, ಸ್ಟೇಷನ್ ರೈಟರ್ ತಗೊಳ್ಳೋದಲ್ಲ. ಮೆರವಣಿಗೆ ಹೊಡೆದಾಟ ಅಂಥ ಸೂಕ್ಷ್ಮ ಕೇಸ್ ಅಲ್ಲ. ಮೊದ್ಲು ಕರ್ನಾಟಕ ಪೊಲೀಸ್ ವೆಬ್‌ಸೈಟಲ್ಲಿ ಜಿಲ್ಲೆ, ಸ್ಟೇಷನ್, ವರ್ಷ ಹಾಕಿ ಹುಡುಕಿ. ಸಿಗ್ಲಿಲ್ಲ ಅಂದ್ರೆ ಸ್ಟೇಷನ್‌ಗೆ ಅಥವಾ ಎಸ್ಪಿ ಆಫೀಸಿಗೆ ಒಂದು ಹಾಳೆ ಅರ್ಜಿ ಬರೆದು ಕೊಡಿ, ಆರೋಪಿ ಪರವಾಗಿ ಅವನ ಕಡೆಯೋರೂ ಕೊಡಬಹುದು, 24 ಗಂಟೇಲಿ ಕಾಪಿ ಕೊಡ್ಬೇಕು ಅಂತ ಅದೇ ತೀರ್ಪಲ್ಲಿದೆ, ಅರ್ಜಿ ಕೊಟ್ಟಿದ್ದಕ್ಕೆ ಸೀಲ್ ಹಾಕಿಸ್ಕೊಳ್ಳೋದು ಮಾತ್ರ ಮರೀಬೇಡಿ, ಬಾಯಲ್ಲಿ ಕೇಳಿದ ನಾಲ್ಕು ಸಲಕ್ಕೆ ಲೆಕ್ಕ ಇಲ್ಲ, ಸೀಲ್ ಬಿದ್ದ ಒಂದು ಅರ್ಜಿಗೆ ಲೆಕ್ಕ ಇದೆ. ಅಲ್ಲೂ ಆಗ್ಲಿಲ್ಲ ಅಂದ್ರೆ ಎಫ್‌ಐಆರ್ ಹೆಂಗೂ ಮ್ಯಾಜಿಸ್ಟ್ರೇಟ್ ಹತ್ರ ಬಂದೇ ಇರುತ್ತೆ, ಜೆಎಂಎಫ್‌ಸಿ ಅನ್ನೋ ಆ ಮ್ಯಾಜಿಸ್ಟ್ರೇಟ್ ಕೋರ್ಟಲ್ಲಿ ಕಾಪಿ ಅರ್ಜಿ ಹಾಕಿ, ಎರಡು ಕೆಲಸದ ದಿನದಲ್ಲಿ ಸಿಗ್ಬೇಕು.

ನಾನಂತೂ ಕೋರ್ಟಿಂದ ತಗೊಳ್ಳಿ ಅಂತಾನೇ ಹೇಳೋದು, ಅದಕ್ಕೆ ಕಾರಣ ಇದೆ. ವೆಬ್‌ಸೈಟ್ ಕಾಪಿಲಿ ಇಲ್ಲದ ಒಂದು ವಿಷಯ ಕೋರ್ಟ್ ಕಾಪಿಲಿ ಇರುತ್ತೆ, ಮ್ಯಾಜಿಸ್ಟ್ರೇಟ್ ಕೈಗೆ ಅದು ಎಷ್ಟು ಹೊತ್ತಿಗೆ ಬಂತು ಅಂತ ಅವರ ಸಹಿ ಜೊತೆ ತಾರೀಖು ಟೈಮು ಬರೆದಿರುತ್ತೆ. ರಾತ್ರಿ ಒಂಬತ್ತಕ್ಕೆ ಎಫ್‌ಐಆರ್ ಆಯ್ತು ಅಂತ ಬರ್ಕೊಂಡು, ಎರಡು ಕಿಲೋಮೀಟರ್ ದೂರದ ಕೋರ್ಟಿಗೆ ಮಾರನೇ ದಿನ ಸಾಯಂಕಾಲ ತಲುಪಿದ್ರೆ ಆ ನಡುವೆ ಏನಾಯ್ತು, ಯಾರ್ ಯಾರ ಹೆಸರು ಆಮೇಲೆ ಸೇರಿದ್ವು ಅನ್ನೋ ಪ್ರಶ್ನೆ ಹುಟ್ಟುತ್ತೆ, ಆ ಒಂದು ಟೈಮಿನ ಮೇಲೆ ನಿಂತು ಎದುರು ಸಾಕ್ಷಿಗಳಿಗೆ ಇಡೀ ಪಾಟೀಸವಾಲು ಮಾಡಿದ್ದೀನಿ ನಾನು. ನಿಮ್ಮ ತಮ್ಮನ ಹೆಸರು ಮೊದಲ ದೂರಿನಲ್ಲಿ ಇದೆಯಾ, ಇಲ್ಲ "ಮತ್ತು ಇತರರು" ಅಂತ ಇದ್ದಿದ್ದು ಆಮೇಲೆ ಅವನಾದನಾ, ಅದನ್ನ ಮೊದ್ಲು ಓದಿ.

ಪ್ರಶ್ನೆ: ಮೇಡಂ, ಕೋರ್ಟ್ ಎದುರು ಟೀ ಅಂಗಡೀಲಿ ಕೂತ್ರೆ ಯಾವ ವಕೀಲರನ್ನ ಇಟ್ರೆ ಯಾವ ಜಡ್ಜ್ ಮುಂದೆ ಕೆಲಸ ಆಗುತ್ತೆ, ಯಾವ ಪಿಪಿ (ಸರ್ಕಾರಿ ವಕೀಲರು) ಯಾವ ಪಾರ್ಟಿ ಅಂತ ಪೂರ್ತಿ ಲಿಸ್ಟ್ ಹೇಳ್ತಾರೆ. ಇದ್ರಲ್ಲಿ ಎಷ್ಟು ನಿಜ? ನಮ್ಮಂಥೋರು ನ್ಯಾಯ ಸಿಗುತ್ತೆ ಅಂತ ನಂಬಬಹುದಾ? (ಕುವೆಂಪುನಗರ, ಮೈಸೂರು)

ಉತ್ತರ: ಈ ಪ್ರಶ್ನೆಗೆ ನಾನು ಸುಳ್ಳು ಸಮಾಧಾನ ಹೇಳಲ್ಲ. ಕೋರ್ಟಲ್ಲಿ ರಾಜಕೀಯ ಇದೆ. ವಕೀಲರ ಸಂಘದ ಎಲೆಕ್ಷನ್ ಬಂತು ಅಂದ್ರೆ ಜಾತಿ ಲೆಕ್ಕ, ತಾಲ್ಲೂಕು ಲೆಕ್ಕ, ಹಳಬರು ಹೊಸಬರ ಲೆಕ್ಕ ಎಲ್ಲಾ ನಡಿಯುತ್ತೆ, ಆ ವಾರ ಕೇಸುಗಳು ಕುಂಟುತ್ತವೆ. ಸರ್ಕಾರಿ ವಕೀಲರಲ್ಲಿ ಎರಡು ಥರ ಇದಾರೆ, ಪರೀಕ್ಷೆ ಬರೆದು ಪ್ರಾಸಿಕ್ಯೂಷನ್ ಇಲಾಖೆಗೆ ಬಂದವರು ಒಂದು ಕಡೆ, ವಕೀಲರ ಪೈಕಿ ಸರ್ಕಾರ ನೇಮಕ ಮಾಡೋರು ಇನ್ನೊಂದು ಕಡೆ. ಈ ಎರಡನೇ ನೇಮಕಕ್ಕೆ ಡಿಸಿ ಅವರು ಜಿಲ್ಲಾ ಜಡ್ಜ್ ಜೊತೆ ಚರ್ಚಿಸಿ ಪ್ಯಾನೆಲ್ ಕಳಿಸ್ಬೇಕು, ಕನಿಷ್ಠ ಏಳು ವರ್ಷ ಪ್ರಾಕ್ಟೀಸ್ ಆಗಿರ್ಬೇಕು ಅಂತ ಕಾನೂನಲ್ಲೇ ಇದೆ, ಆದ್ರೂ ಸರ್ಕಾರ ಬದಲಾದಾಗ ಇವರೂ ಬದಲಾಗೋದು ಎಲ್ಲರಿಗೂ ಗೊತ್ತಿರೋ ವಿಷಯ. ಇದನ್ನ ಮುಚ್ಚಿಟ್ಟು ಪ್ರಯೋಜನ ಇಲ್ಲ.

ಆದ್ರೆ ಜಡ್ಜ್ ವಿಷಯ ಬೇರೆ. ಕೆಳಗಿನ ಕೋರ್ಟ್ ಜಡ್ಜ್‌ಗಳ ವರ್ಗಾವಣೆ, ಬಡ್ತಿ ಎಲ್ಲಾ ಸಂವಿಧಾನದ 235ನೇ ವಿಧಿ ಪ್ರಕಾರ ಹೈಕೋರ್ಟ್ ಕೈಲಿದೆ, ಯಾವ ಶಾಸಕರ ಲೆಟರ್‌ಹೆಡ್ಡೂ ಅಲ್ಲಿ ನಡಿಯಲ್ಲ. ಟೀ ಅಂಗಡಿ ಲಿಸ್ಟ್ ಹೇಳೋರಲ್ಲಿ ಅರ್ಧ ಜನಕ್ಕೆ ಈ ವ್ಯತ್ಯಾಸನೇ ಗೊತ್ತಿರಲ್ಲ, ಇನ್ನರ್ಧ ಜನ ಬ್ರೋಕರ್‌ಗಳು.

ಬ್ರೋಕರ್ ಅಂದಾಗ ಒಂದು ಕೇಸ್ ನೆನಪಾಗುತ್ತೆ, ಈಗ್ಲೂ ಹೊಟ್ಟೆ ಉರಿಯುತ್ತೆ ನನಗೆ. ಕಬ್ಬಿನ ಸೀಸನ್‌ನಲ್ಲಿ ರಾತ್ರಿ ಹೊತ್ತು ರೋಡಲ್ಲಿ ನಿಂತಿದ್ದ ಟ್ರ್ಯಾಕ್ಟರ್‌ಗೆ ಬೈಕ್ ಗುದ್ದಿ ಒಬ್ಬ ಹುಡುಗ ತೀರಿಹೋದ. ಟ್ರ್ಯಾಕ್ಟರ್ ಓಡಿಸ್ತಿದ್ದವನ ಮೇಲೆ ಆಗಿನ ಐಪಿಸಿ 304ಎ, ಅಂದ್ರೆ ನಿರ್ಲಕ್ಷ್ಯದಿಂದ ಸಾವು ಅನ್ನೋ ಕೇಸ್. ಅವನ ಹೆಂಡ್ತಿ ಕಿವಿ ಓಲೆ ಅಡ ಇಟ್ಟು, ತವರಿಂದ ಸಾಲ ತಂದು, ಕೋರ್ಟ್ ಹತ್ರ ಓಡಾಡೋ ಒಬ್ಬನ ಕೈಗೆ 40 ಸಾವಿರ ಕೊಟ್ಟಿದ್ಲು, ಸಾಹೇಬ್ರಿಗೆ ಕೊಟ್ರೆ ಮಾತ್ರ ಜಾಮೀನು ಅಂತ ಅವನು ಹೇಳಿದ್ನಂತೆ. 304ಎ ಜಾಮೀನು ಕೊಡ್ಲೇಬೇಕಾದ ಕೇಸ್, ಸ್ಟೇಷನ್‌ನಲ್ಲೇ ಶ್ಯೂರಿಟಿ ತಗೊಂಡು ಬಿಡ್ಬೇಕು, ಅದು ಆರೋಪಿಯ ಹಕ್ಕು, ಕೋರ್ಟ್‌ವರೆಗೆ ಬರೋದೇ ಬೇಡ. ಆಯಮ್ಮ ನನ್ನ ಹತ್ರ ಬರೋ ಹೊತ್ತಿಗೆ ದುಡ್ಡೂ ಹೋಗಿತ್ತು ಓಲೆನೂ ಹೋಗಿತ್ತು. ಎಫ್‌ಐಆರ್‌ನಲ್ಲಿ ಬರೆದ ಸೆಕ್ಷನ್ ಒಂದನ್ನ ಯಾರಾದ್ರೂ ಓದಿ ಹೇಳಿದ್ರೆ ಉಳಿತಿತ್ತು ಅದು. ಯಾರೇ ಜಡ್ಜ್ ಹೆಸರಲ್ಲಿ ದುಡ್ಡು ಕೇಳಿದ್ರೂ ಪ್ರಧಾನ ಜಿಲ್ಲಾ ನ್ಯಾಯಾಧೀಶರಿಗೆ ಲಿಖಿತವಾಗಿ ದೂರು ಕೊಡಬಹುದು, ಹೈಕೋರ್ಟಲ್ಲಿ ವಿಜಿಲೆನ್ಸ್ ರಿಜಿಸ್ಟ್ರಾರ್ ಇದಾರೆ, ಕೋರ್ಟ್ ಸಿಬ್ಬಂದಿ ಲಂಚ ಕೇಳಿದ್ರೆ ಲೋಕಾಯುಕ್ತ ಇದೆ.

ಇನ್ನು ನಂಬಬಹುದಾ ಅಂತ ಕೇಳಿದ್ರಲ್ಲ. ನೀವು ಗಾಳಿಮಾತು ನಂಬೋದು ಬೇಡ, ನನ್ನ ಮಾತೂ ಬೇಡ, ನಿಮ್ಮ ಕೇಸಿನ ಆರ್ಡರ್ ಶೀಟ್ ಕಾಪಿ ತೆಗೆಸಿ ಓದಿ. ಪ್ರತೀ ದಿನ ಯಾರು ಬಂದಿದ್ರು, ಯಾರು ಟೈಮ್ ಕೇಳಿದ್ರು, ಸಾಕ್ಷಿಗೆ ಸಮನ್ಸ್ ಹೋಯ್ತಾ, ಹೋಗದೇ ಇದ್ರೆ ಯಾಕೆ, ಎಲ್ಲಾ ಅದ್ರಲ್ಲಿ ಇರುತ್ತೆ. ಜಡ್ಜ್ ಎದುರು ಪಾರ್ಟಿ ಕಡೆ ವಾಲಿದಾರೆ ಅದಕ್ಕೇ ಮುಂದಕ್ಕೆ ಹೋಗ್ತಿದೆ ಅಂತ ಮೂರು ವರ್ಷ ನಂಬ್ಕೊಂಡಿದ್ದ ಒಬ್ಬ ಹಿರಿಯರಿಗೆ ನಾನೇ ಆರ್ಡರ್ ಶೀಟ್ ಓದಿ ಹೇಳಿದೆ, ಹನ್ನೊಂದು ಸಲ ಟೈಮ್ ಕೇಳಿದ್ದು ಅವರದೇ ಹಿಂದಿನ ವಕೀಲರು. ಮೊಬೈಲಲ್ಲಿ ಇ-ಕೋರ್ಟ್ಸ್ ಆ್ಯಪ್ ಹಾಕ್ಕೊಂಡು ನಿಮ್ಮ ಕೇಸಿನ ಗುರುತಿನ ನಂಬರ್, ಅಂದ್ರೆ 16 ಅಕ್ಷರ-ಅಂಕಿಯ ಸಿಎನ್‌ಆರ್ ನಂಬರ್ ಹೊಡೆದ್ರೆ ಹಿಂದಿನ ಎಲ್ಲಾ ಡೇಟು, ಮುಂದಿನ ಡೇಟು, ಯಾವ ಹಂತದಲ್ಲಿದೆ ಅನ್ನೋದು ಬರುತ್ತೆ, ದುಡ್ಡು ಕೊಡ್ಬೇಕಾಗಿಲ್ಲ. ನಿಮ್ಮ ವಕೀಲರನ್ನ ಮೊದಲ ದಿನವೇ ಸಿಎನ್‌ಆರ್ ನಂಬರ್ ಕೇಳಿ ಬರ್ಕೊಳ್ಳಿ, ಒಳ್ಳೆ ವಕೀಲರು ಬೇಜಾರು ಮಾಡ್ಕೊಳ್ಳಲ್ಲ.

ಪ್ರಶ್ನೆ: ನಮ್ಮೂರಲ್ಲಿ ಒಂದು ಮಗು ಸಾವಿನ ಕೇಸಲ್ಲಿ ನನ್ನ ಭಾವನ್ನ ಅರೆಸ್ಟ್ ಮಾಡಿದಾರೆ. ಊರೆಲ್ಲಾ ಸಿಟ್ಟಲ್ಲಿದೆ. ಯಾವ ವಕೀಲರೂ ನಮ್ಮ ಕೇಸ್ ತಗೋಬಾರ್ದು ಅಂತ ಸಂಘದಲ್ಲಿ ತೀರ್ಮಾನ ಆಗಿದೆಯಂತೆ. ಮೂರು ವಕೀಲರ ಮನೆಗೆ ಹೋದೆ, ಯಾರೂ ಒಳಗೂ ಕರೀಲಿಲ್ಲ. ಭಾವ ಮಾಡಿಲ್ಲ ಅಂತ ನನ್ನ ಅಕ್ಕ ಅಳ್ತಾಳೆ, ನನಗೂ ಏನ್ ನಂಬೋದು ಗೊತ್ತಿಲ್ಲ. (ಊರು ಬೇಡ)

ಉತ್ತರ: ಅಮ್ಮಾ, ನಿಮ್ಮ ಪತ್ರ ಮೂರು ಸಲ ಓದಿದೆ. ಮೊದಲಿಗೆ ಇದು ಕೇಳಿ, ಅಂಥ ತೀರ್ಮಾನಕ್ಕೆ ಕಾನೂನಲ್ಲಿ ಚಿಕ್ಕಾಸಿನ ಬೆಲೆ ಇಲ್ಲ. 2010ರ ಡಿಸೆಂಬರ್‌ನಲ್ಲಿ ತಮಿಳುನಾಡಿಂದ ಹೋದ ಮೊಹಮ್ಮದ್ ರಫಿ ಅನ್ನೋರ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದ್ದು, ಇಂಥಾ ಆರೋಪಿಗೆ ವಾದ ಮಾಡಲ್ಲ ಅಂತ ವಕೀಲರ ಸಂಘಗಳು ಮಾಡೋ ನಿರ್ಣಯ ಸಂವಿಧಾನಕ್ಕೂ ವಿರುದ್ಧ ವೃತ್ತಿ ಧರ್ಮಕ್ಕೂ ವಿರುದ್ಧ, ಅದು ಊರ್ಜಿತ ಅಲ್ಲವೇ ಅಲ್ಲ ಅಂತ. ಬಂಧನ ಆದ ಪ್ರತಿಯೊಬ್ಬನಿಗೂ ತಾನು ಆರಿಸ್ಕೊಂಡ ವಕೀಲರ ಸಹಾಯ ಪಡೆಯೋ ಹಕ್ಕು ಸಂವಿಧಾನದ 22ನೇ ವಿಧೀಲಿ ಇದೆ, ಪ್ರತಿಯೊಬ್ಬ ಅಂದ್ರೆ ಪ್ರತಿಯೊಬ್ಬ, ಊರು ಒಪ್ಪಿದವನು ಅಂತಲ್ಲ.

ಇದು ಬೇರೆ ಎಲ್ಲೋ ಆದ ಮಾತಲ್ಲ, ಮೈಸೂರಲ್ಲೇ ಆಗಿದೆ. 2020ರ ಜನವರೀಲಿ ಮಾನಸಗಂಗೋತ್ರಿ ಕ್ಯಾಂಪಸ್‌ನಲ್ಲಿ ನಡೆದ ಪ್ರತಿಭಟನೇಲಿ ಒಬ್ಬ ಯುವತಿ ಫಲಕ ಹಿಡಿದ್ಲು ಅಂತ ದೇಶದ್ರೋಹದ ಕೇಸ್ ಆಯ್ತು, ಅವಳ ಪರ ಯಾರೂ ವಕಾಲತ್ತು ಹಾಕ್ಬಾರ್ದು ಅಂತ ಸ್ಥಳೀಯ ವಕೀಲರು ನಿರ್ಣಯ ಮಾಡಿದ್ರು. ಆಮೇಲೆ ಬೆಂಗಳೂರು ಮತ್ತೆ ಬೇರೆ ಊರುಗಳಿಂದ ವಕೀಲರು ಗುಂಪುಗುಂಪಾಗಿ ಬಂದು ವಕಾಲತ್ತಿಗೆ ಸಹಿ ಹಾಕಿದ್ರು, ಆ ತಿಂಗಳು ಮುಗಿಯೋದ್ರೊಳಗೆ ಮೈಸೂರು ಸೆಷನ್ಸ್ ಕೋರ್ಟೇ ಅವಳಿಗೆ ನಿರೀಕ್ಷಣಾ ಜಾಮೀನು ಕೊಡ್ತು. ಆ ಫಲಕದ ಬಗ್ಗೆ ಯಾರಿಗೆ ಏನು ಅಭಿಪ್ರಾಯ ಬೇಕಾದ್ರೂ ಇರ್ಲಿ, ಅದನ್ನ ತೂಗಿ ನೋಡೋಕೆ ಕೋರ್ಟಿದೆ, ವಕೀಲರೇ ಇಲ್ಲದೆ ಅದನ್ನ ತೂಗೋದು ಹೆಂಗೆ? ನಮ್ಮ ವಕೀಲರ ಕರಿ ಕೋಟಿಗೆ ಆವತ್ತು ಆದ ಕಲೆ ಅದು, ನನಗೆ ಹಾಗೇ ಅನ್ಸುತ್ತೆ, ನನ್ನ ಸಹೋದ್ಯೋಗಿಗಳ ಮುಂದೇನೂ ಹೇಳಿದ್ದೀನಿ.

ನಾನೂ ಒಂದು ಸಲ ಇಂಥ ಕೇಸ್ ತಗೊಂಡಾಗ ಕೋರ್ಟ್ ಹಾಲಲ್ಲಿ ಪಕ್ಕದ ಕುರ್ಚಿ ಖಾಲಿ ಆಯ್ತು, ದಿನಾ ಜೊತೇಲಿ ಊಟ ಮಾಡ್ತಿದ್ದವರು ಒಂದು ತಿಂಗಳು ಮಾತಾಡ್ಲಿಲ್ಲ. ಆ ಹುಡುಗನಿಗೆ ಶಿಕ್ಷೆನೇ ಆಯ್ತು, ಖುಲಾಸೆ ಆಗ್ಲಿಲ್ಲ. ಆದ್ರೂ ಆ ತೀರ್ಪು ಗಟ್ಟಿ ಆಗಿದ್ದು ಪ್ರತಿ ಸಾಕ್ಷಿಗೂ ಪಾಟೀಸವಾಲು ಆಗಿದ್ದಕ್ಕೆ. ಸತ್ತ ಮಗುವಿನ ಅಪ್ಪನೇ ಆಮೇಲೆ ಒಂದಿನ ಮೆಟ್ಟಿಲ ಮೇಲೆ ಸಿಕ್ಕಿ, ನೀವು ಕೇಳಿದ ಪ್ರಶ್ನೆಗಳು ನಮ್ಮ ಮನಸ್ಸಲ್ಲೂ ಇದ್ವು ಮೇಡಂ, ಉತ್ತರ ಸಿಕ್ತು ಅಂದ್ರು. ಹೈಕೋರ್ಟಿಗೆ ಅಪೀಲು ಹೋದ್ರೂ ಶಿಕ್ಷೆ ನಿಲ್ತು.

ಈಗ ನೀವು ಮಾಡ್ಬೇಕಾದ್ದು ಹೇಳ್ತೀನಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಆಫೀಸು ಜಿಲ್ಲಾ ಕೋರ್ಟಲ್ಲೇ ಇರುತ್ತೆ, ಇವತ್ತೇ ಹೋಗಿ. 1987ರ ಕಾಯ್ದೆ ಪ್ರಕಾರ ಕಸ್ಟಡೀಲಿರೋ ಯಾರಿಗೇ ಆದ್ರೂ ಆದಾಯ ಎಷ್ಟೇ ಇರ್ಲಿ ಉಚಿತ ವಕೀಲರನ್ನ ಕೊಡ್ಬೇಕು, ಹೆಂಗಸರು, ಮಕ್ಕಳು, ಎಸ್‌ಸಿ ಎಸ್‌ಟಿಯವರಿಗೂ ಆದಾಯ ನೋಡಂಗಿಲ್ಲ. ಹೋಗೋಕೆ ಆಗ್ದಿದ್ರೆ 15100ಕ್ಕೆ ಫೋನ್ ಮಾಡಿ. ಜೈಲಿಂದ ನಿಮ್ಮ ಭಾವನೇ ಅರ್ಜಿ ಕೊಡಬಹುದು. ಸಂಘದ ನಿರ್ಣಯ ಬರವಣಿಗೇಲಿ ಇದ್ರೆ ಅದರ ಒಂದು ಕಾಪಿನೋ ಫೋಟೋನೋ ಇಟ್ಕೊಳ್ಳಿ, ಮುಂದೆ ಹೈಕೋರ್ಟಿಗೆ ಹೋಗ್ಬೇಕಾಗಿ ಬಂದ್ರೆ ಬೇಕಾಗುತ್ತೆ. ನಿಮ್ಮ ಅಕ್ಕನ ಜೊತೆ ಇರಿ. ಏನ್ ನಂಬೋದು ಅಂತ ಈಗ್ಲೇ ತೀರ್ಮಾನ ಮಾಡ್ಬೇಕಾಗಿಲ್ಲ ನೀವು.

ಪ್ರಶ್ನೆ: ಆರ್‌ಟಿಐ ಹಾಕಿ ನಮ್ಮ ಪಕ್ಕದ ಮನೆಯವರ ಕೇಸಿನ ಚಾರ್ಜ್‌ಶೀಟ್ ಕೇಳಿದೆ, ಕೊಡಕ್ಕಾಗಲ್ಲ ಅಂತ ಉತ್ತರ ಬಂತು. ಪಬ್ಲಿಕ್ ಡಾಕ್ಯುಮೆಂಟ್ ಅಲ್ವಾ ಅದು? (ಶ್ರೀರಂಗಪಟ್ಟಣ)

ಉತ್ತರ: ಅಲ್ಲ ಸ್ವಾಮಿ. 2023ರ ಜನವರೀಲಿ ಸೌರವ್ ದಾಸ್ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನ ನೇರವಾಗಿ ತೀರ್ಮಾನ ಮಾಡಿದೆ, ಎಫ್‌ಐಆರ್ ಥರ ಚಾರ್ಜ್‌ಶೀಟನ್ನ ವೆಬ್‌ಸೈಟಿಗೆ ಹಾಕೋಕಾಗಲ್ಲ, ಅದು ಸಾರ್ವಜನಿಕ ದಾಖಲೆ ಅಲ್ಲ ಅಂತ. ಆದ್ರೆ ಆರೋಪಿಗೆ ಅದು ಪೂರ್ತಿ ಪುಕ್ಕಟೆ ಸಿಗ್ಬೇಕು, ಹಳೇ ಸಿಆರ್‌ಪಿಸಿ ಬದಲು 2024ರ ಜುಲೈ 1ರಿಂದ ಬಂದ ಬಿಎನ್‌ಎಸ್‌ಎಸ್ ಅನ್ನೋ ಕ್ರಿಮಿನಲ್ ವಿಚಾರಣೆ ಕಾನೂನಿನ 230ನೇ ಸೆಕ್ಷನ್ ಪ್ರಕಾರ ಅವನು ಕೋರ್ಟಿಗೆ ಹಾಜರಾದ 14 ದಿನದೊಳಗೆ, ವಕೀಲರನ್ನ ಇಟ್ಟಿರೋ ನೊಂದವರಿಗೂ ಕೊಡ್ಬೇಕು, ಇದು ಹೊಸ ಕಾನೂನಲ್ಲಿ ಬಂದ ಒಳ್ಳೆ ಬದಲಾವಣೆ. ಕೋರ್ಟ್ ಫೈಲಲ್ಲಿರೋ ಕಾಗದಕ್ಕೆ ಆರ್‌ಟಿಐ ದಾರಿ ಹಿಡಿಬೇಡಿ, ಕೋರ್ಟಿನದೇ ನಿಯಮ ಇದ್ದಾಗ ಅದೇ ದಾರೀಲಿ ಬನ್ನಿ ಅಂತ 2020ರಲ್ಲಿ ಗುಜರಾತ್ ಹೈಕೋರ್ಟ್ ವಿಷಯದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಕಲು ವಿಭಾಗದಲ್ಲಿ ಅರ್ಜಿ ಹಾಕಿ, ಕೇಸಿಗೆ ಸಂಬಂಧ ಇಲ್ಲದ ಮೂರನೆಯವರಾದ್ರೆ ಯಾಕೆ ಬೇಕು ಅಂತ ಕಾರಣ ಬರೀಬೇಕಾಗುತ್ತೆ. ಪಕ್ಕದ ಮನೆಯವರ ಕೇಸು ನಿಮಗೆ ಯಾಕೆ ಬೇಕು ಅನ್ನೋದನ್ನ ಪತ್ರದಲ್ಲಿ ಬರೆದಿಲ್ಲ, ಅದಕ್ಕೆ ಉತ್ತರ ಇಲ್ಲದಿದ್ರೆ ಬಿಟ್ಬಿಡೋದು ಒಳ್ಳೇದು.

ಆರೋಪಿ ಕಡೆಯೋರು ಇದನ್ನ ಓದ್ತಿದ್ರೆ ಒಂದು ಮಾತು. ಚಾರ್ಜ್‌ಶೀಟ್ ಸಿಕ್ತು ಅಂತ ಸುಮ್ಮನಾಗ್ಬೇಡಿ, ಪೊಲೀಸ್ರು ಜಪ್ತಿ ಮಾಡಿ ಆಮೇಲೆ ಬೇಡ ಅಂತ ಬಿಟ್ಟ ಕಾಗದ, ಹೇಳಿಕೆ, ವಸ್ತು ಇವುಗಳ ಪಟ್ಟಿನೂ ಕೊಡ್ಬೇಕು ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಮಾಡಿದ ಮಾದರಿ ನಿಯಮದಲ್ಲಿದೆ. ಅವರಿಗೆ ಬೇಡವಾದ ಕಾಗದದಲ್ಲೇ ಎಷ್ಟೋ ಸಲ ನಮಗೆ ಬೇಕಾದ್ದು ಇರುತ್ತೆ. ಆ ಪಟ್ಟಿ ಕೊಡಿ ಅಂತ ವಕೀಲರ ಮೂಲಕ ಅರ್ಜಿ ಹಾಕಿಸಿ.

ಪ್ರಶ್ನೆ: ಕ್ರಿಮಿನಲ್ ಕೇಸಿಗೆ ಆರ್‌ಟಿಐನಿಂದ ಏನಾದ್ರೂ ಉಪಯೋಗ ಇದೆಯಾ ಮೇಡಂ? ನಾನು ಎಲ್‌ಎಲ್‌ಬಿ ಕೊನೇ ವರ್ಷ. (ಸರಸ್ವತಿಪುರಂ, ಮೈಸೂರು)

ಉತ್ತರ: ಇದೆ ಮಗಳೇ, ಬೇಕಾದಷ್ಟಿದೆ, ಕಾಲೇಜಲ್ಲಿ ಹೇಳ್ಕೊಡಲ್ಲ ಅಷ್ಟೇ.

ಪಾಂಡವಪುರ ಕಡೆಯ ಒಂದು ಹಳ್ಳಿ ಕೇಸು ಹೇಳ್ತೀನಿ. ಹಾಲಿನ ಡೈರಿ ಮುಂದೆ ರಾತ್ರಿ ಎಂಟೂವರೆಗೆ ಮಚ್ಚಲ್ಲಿ ಹೊಡೆದ್ರು ಅಂತ ದೂರು, ನಾಲ್ಕು ಜನ ಆರೋಪಿಗಳು, ಬೀದಿ ದೀಪದ ಬೆಳಕಲ್ಲಿ ಮುಖ ಚೆನ್ನಾಗಿ ನೋಡ್ದೆ ಅಂತ ಇಬ್ಬರು ಸಾಕ್ಷಿಗಳು. ಪೊಲೀಸ್ರು ಜಾಗ ನೋಡಿ ಬರೆದ ಮಹಜರಲ್ಲಿ ಕಂಬ ಇದೆ ಅಂತ ಬರೆದಿತ್ತು, ದೀಪ ಉರೀತಿತ್ತಾ ಅಂತ ಇರ್ಲಿಲ್ಲ. ನನ್ನ ಕಡೆಯ ಆರೋಪಿಯ ತಾಯಿ ಸುಮ್ನೆ ಮಾತಾಡ್ತಾ, ಆವತ್ತು ಕರೆಂಟ್ ಇರ್ಲಿಲ್ಲ ಕಣವ್ವ, ಬುಡ್ಡಿ ಹಚ್ಕೊಂಡು ಅಡುಗೆ ಮಾಡ್ತಿದ್ದೆ ಅಂದ್ರು. ನಾನು ತಕ್ಷಣ ಕರೆಂಟ್ ಕೊಡೋ ಸೆಸ್ಕ್ ಆಫೀಸಿಗೆ ಆರ್‌ಟಿಐ ಹಾಕ್ದೆ, ಆ ತಾರೀಖು ಆ ಊರಿನ ಕರೆಂಟ್ ಲೈನು (ಫೀಡರ್) ಯಾವಾಗ ಆಫ್ ಆಯ್ತು ಯಾವಾಗ ಬಂತು ಅಂತ ಸಬ್‌ಸ್ಟೇಷನ್ ಲಾಗ್ ಬುಕ್ಕಿನ ದೃಢೀಕೃತ ನಕಲು ಕೊಡಿ ಅಂತ. ಬಂತು, ಏಳೂ ನಲವತ್ತರಿಂದ ಒಂಬತ್ತೂ ಕಾಲರವರೆಗೆ ಕರೆಂಟ್ ಇಲ್ಲ. ಬರೀ ಕಾಗದ ಹಾಜರುಪಡಿಸಿದ್ರೆ ಸಾಲಲ್ಲ, ಆ ಲಾಗ್ ಬುಕ್ ಸಮೇತ ಇಂಜಿನಿಯರ್‌ಗೆ ಕೋರ್ಟಿಂದ ಸಮನ್ಸ್ ಮಾಡ್ಸಿ ನಮ್ಮ ಕಡೆ ಸಾಕ್ಷಿಯಾಗಿ ವಿಚಾರಣೆ ಮಾಡಿಸ್ದೆ. ನಾಲ್ಕು ವರ್ಷ ಆದ್ಮೇಲೆ ಖುಲಾಸೆ ಆಯ್ತು. ಹತ್ತು ರೂಪಾಯಿ ಅರ್ಜಿ ಅದು.

ಹೆಂಗೆ ಹಾಕೋದು ಅಂದ್ರೆ, ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಇಟ್ಟು ಕಳಿಸಿ, ಒಂದು ಅರ್ಜೀಲಿ ಒಂದೇ ವಿಷಯ ಇರ್ಬೇಕು 150 ಪದ ಮೀರಂಗಿಲ್ಲ, ಇದು ನಮ್ಮ ರಾಜ್ಯದ ನಿಯಮ, ಇದು ಗೊತ್ತಿಲ್ದೆ ಎರಡು ಪುಟ ಬರೆದು ತಿರಸ್ಕಾರ ಆಗಿರೋರು ತುಂಬಾ ಜನ. ಕಾಪಿಗೆ ಪುಟಕ್ಕೆ 2 ರೂಪಾಯಿ. ಬಿಪಿಎಲ್ ಕಾರ್ಡಿದ್ರೆ ಅರ್ಜಿ ಶುಲ್ಕ ಇಲ್ಲ. 30 ದಿನದಲ್ಲಿ ಉತ್ತರ ಬರ್ಬೇಕು, ಯಾರದ್ದಾದ್ರೂ ಜೀವ ಅಥವಾ ಸ್ವಾತಂತ್ರ್ಯದ ವಿಷಯ ಆದ್ರೆ 48 ಗಂಟೇಲಿ. ಉತ್ತರ ಬರ್ಲಿಲ್ಲ ಅಂದ್ರೆ 30 ದಿನದಲ್ಲಿ ಮೊದಲ ಮೇಲ್ಮನವಿ, ಆಮೇಲೆ 90 ದಿನದಲ್ಲಿ ಮಾಹಿತಿ ಆಯೋಗ. ತನಿಖೆ ನಡೀತಿದೆ ಅಂತ ಎಂಟನೇ ಸೆಕ್ಷನ್ ತೋರಿಸಿ ಪೊಲೀಸ್ರು ಮುಚ್ಚಿಬಿಡ್ತಾರೆ, ಕೊಟ್ರೆ ತನಿಖೆಗೆ ಅಡ್ಡಿ ಹೆಂಗಾಗುತ್ತೆ ಅನ್ನೋದನ್ನೂ ಅವರು ಹೇಳ್ಬೇಕು, ಬರೀ ಸೆಕ್ಷನ್ ನಂಬರ್ ಬರೆದ್ರೆ ಆಗಲ್ಲ, 2007ರ ದೆಹಲಿ ಹೈಕೋರ್ಟಿನ ಭಗತ್ ಸಿಂಗ್ ತೀರ್ಪು ಮೇಲ್ಮನವೀಲಿ ಬರೀರಿ.

ಎಲ್ಲದಕ್ಕೂ ಆರ್‌ಟಿಐ ನಡಿಯಲ್ಲ ಅನ್ನೋದೂ ತಿಳ್ಕೊಂಡಿರು. ನಮ್ಮ ಕಡೆ ಒಳ್ಳೊಳ್ಳೆ ಅಲಿಬಿ, ಅಂದ್ರೆ ಆರೋಪಿ ಆ ಹೊತ್ತಲ್ಲಿ ಬೇರೆ ಕಡೆ ಇದ್ದ ಅನ್ನೋ ಪುರಾವೆ, ಸಿಗೋದು ಹಾಲಿನ ಡೈರಿ ಪುಸ್ತಕದಲ್ಲಿ, ಯಾರು ಯಾವ ಹೊತ್ತು ಎಷ್ಟು ಲೀಟರ್ ಹಾಕಿದ್ರು, ಫ್ಯಾಟ್ ಎಷ್ಟು ಅಂತ ದಿನಕ್ಕೆ ಎರಡು ಸಲ ಬರ್ಕೋತಾರೆ. ಆದ್ರೆ ಹಳ್ಳಿ ಸಹಕಾರ ಸಂಘ ಆರ್‌ಟಿಐ ಅಡಿ ಬರೋದು ಸರ್ಕಾರದ ದುಡ್ಡು ಗಣನೀಯವಾಗಿದ್ರೆ ಮಾತ್ರ, 2013ರ ತಲಪ್ಪಲಂ ತೀರ್ಪು ಓದು. ಅಂಥ ಕಡೆ ಕೋರ್ಟಿಂದಲೇ ದಾಖಲೆ ಹಾಜರುಪಡಿಸಿ ಅಂತ ಸಮನ್ಸ್ ಮಾಡಿಸ್ಬೇಕು, ಈಗಿನ ಬಿಎನ್‌ಎಸ್‌ಎಸ್ 94. ಮೈಶುಗರ್‌ನಂಥ ಸರ್ಕಾರಿ ಕಂಪನಿ ಆದ್ರೆ ಕಬ್ಬಿನ ಲೋಡು ತೂಕದ ಚೀಟಿ ಟೈಮ್ ಆರ್‌ಟಿಐನಲ್ಲೇ ಕೇಳಬಹುದು.

ಮತ್ತೆ ಸ್ಟೇಷನ್ ಸಿಸಿಟಿವಿ. ಮಂಗಳವಾರ ಕರ್ಕೊಂಡು ಹೋದ್ರು ಮೇಡಂ, ಗುರುವಾರ ಅರೆಸ್ಟ್ ಅಂತ ತೋರಿಸಿದಾರೆ ಅಂತ ಎಷ್ಟೋ ತಾಯಂದ್ರು ಹೇಳ್ತಾರೆ. 24 ಗಂಟೇಲಿ ಮ್ಯಾಜಿಸ್ಟ್ರೇಟ್ ಮುಂದೆ ಕರ್ಕೊಂಡು ಬರ್ಬೇಕು ಅನ್ನೋ ಲೆಕ್ಕ ಶುರು ಆಗೋದೇ ಹಿಡಿದ ಹೊತ್ತಿಂದ. 2020ರ ಡಿಸೆಂಬರಲ್ಲಿ ಪರಮ್‌ವೀರ್ ಸಿಂಗ್ ಸೈನಿ ಕೇಸಲ್ಲಿ ಪ್ರತಿ ಸ್ಟೇಷನ್‌ಗೂ ಕ್ಯಾಮೆರಾ ಇರ್ಬೇಕು, ರೆಕಾರ್ಡಿಂಗ್ 18 ತಿಂಗಳು, ಆಗದೇ ಇದ್ರೆ ಕನಿಷ್ಠ ಒಂದು ವರ್ಷನಾದ್ರೂ ಇಡ್ಬೇಕು ಅಂತ ಆದೇಶ ಆಗಿದೆ. ಅಂಗಡಿ ಕ್ಯಾಮೆರಾ ಆದ್ರೆ ಹದಿನೈದು ದಿನಕ್ಕೋ ತಿಂಗಳಿಗೋ ಮೇಲೆ ಮೇಲೆ ರೆಕಾರ್ಡ್ ಆಗಿ ಅಳ್ಸೋಗುತ್ತೆ. ಜಾಮೀನು ಅರ್ಜಿ ಹಾಕೋ ದಿನವೇ ಫುಟೇಜ್ ಕಾಪಾಡಿ ಅಂತ ಇನ್ನೊಂದು ಅರ್ಜಿ ಹಾಕೋದನ್ನ ಈಗ್ಲೇ ಅಭ್ಯಾಸ ಮಾಡ್ಕೋ.

ಪ್ರಶ್ನೆ: ಕಾವೇರಿ ಗಲಾಟೇಲಿ ರಸ್ತೆ ತಡೆದಿದ್ದಕ್ಕೆ ನಮ್ಮ ಊರಿನ 14 ಜನದ ಮೇಲೆ ಕೇಸಿದೆ. ಸರ್ಕಾರ ವಾಪಸ್ ತಗೊಂಡಿದೆ ಅಂತ ಪೇಪರಲ್ಲಿ ಬಂತು. ಇನ್ನು ಕೋರ್ಟಿಗೆ ಹೋಗ್ಬೇಕಾ? (ಮಂಡ್ಯ ತಾಲ್ಲೂಕು)

ಉತ್ತರ: ಹೋಗ್ಬೇಕು ಅಣ್ಣಾ, ಹೋಗ್ಲೇಬೇಕು. ವಿಧಾನಸೌಧದಲ್ಲಿ ತೀರ್ಮಾನ ಆದ ತಕ್ಷಣ ಕೇಸ್ ಮುಗಿಯಲ್ಲ. ಸರ್ಕಾರಿ ವಕೀಲರು ತಾವೇ ವಿಚಾರ ಮಾಡಿ ಕೋರ್ಟಿಗೆ ಅರ್ಜಿ ಹಾಕ್ಬೇಕು, ಮೊದ್ಲು ಸಿಆರ್‌ಪಿಸಿ 321ನೇ ಸೆಕ್ಷನ್ ಈಗ ಬಿಎನ್‌ಎಸ್‌ಎಸ್ 360, ಜಡ್ಜ್ ಒಪ್ಪಿಗೆ ಕೊಟ್ರೆ ಮಾತ್ರ ವಾಪಸ್. 2024ರ ಅಕ್ಟೋಬರಲ್ಲಿ ಸರ್ಕಾರ 43 ಕೇಸ್ ವಾಪಸ್ ಅಂತ ಮಾಡಿದ ಆದೇಶನ 2025ರ ಮೇನಲ್ಲಿ ಹೈಕೋರ್ಟ್ ರದ್ದು ಮಾಡ್ತು, ಅಷ್ಟು ಗಂಭೀರ ವಿಷಯ ಇದು. ಪೇಪರ್ ನೋಡಿ ಕೋರ್ಟಿಗೆ ಹೋಗೋದು ಬಿಟ್ಟು ವಾರಂಟ್ ಆಗಿ, ನಾಟಿ ಟೈಮಲ್ಲಿ ಗದ್ದೆಯಿಂದಲೇ ಹಿಡ್ಕೊಂಡು ಬಂದ ರೈತರನ್ನ ಬಿಡಿಸಿದ್ದೀನಿ ನಾನು. ನಿಮ್ಮ ಸಿಸಿ ನಂಬರ್, ಅಂದ್ರೆ ಕೋರ್ಟಿನ ಕೇಸ್ ನಂಬರ್ ಹಿಡಿದು ಆರ್ಡರ್ ಶೀಟ್ ನೋಡಿ, ಕೇಸ್ ವಾಪಸ್‌ಗೆ ಅನುಮತಿ ಕೊಟ್ಟಿದೆ ಅಂತ ಜಡ್ಜ್ ಸಹಿ ಇರೋ ಸಾಲು ಕಣ್ಣಿಗೆ ಬೀಳೋ ತನಕ 14 ಜನಾನೂ ಡೇಟಿಗೆ ಹೋಗಿ.

ಪ್ರಶ್ನೆ: ಏಳು ವರ್ಷದ ಹಿಂದೆ ನನ್ನ ಮೇಲೆ ಆದ ಕೇಸಲ್ಲಿ ಖುಲಾಸೆ ಆಗಿದೆ. ಆದ್ರೂ ಇಂಟರ್ನೆಟ್ಟಲ್ಲಿ ನನ್ನ ಹೆಸರು ಹೊಡೆದ್ರೆ ತೀರ್ಪೇ ಮೊದ್ಲು ಬರುತ್ತೆ. ಮಗಳ ಮದುವೆ ಮಾತುಕತೆ ಒಂದು ಮುರಿದುಬಿತ್ತು. ಪಾಸ್‌ಪೋರ್ಟಿಗೂ ತೊಂದ್ರೆ ಆಗ್ತಿದೆ. (ನಂಜನಗೂಡು)

ಉತ್ತರ: ನಿಮ್ಮ ಪತ್ರಕ್ಕೆ ಉತ್ತರ ಬರೆಯೋದು ನನಗೆ ಕಷ್ಟ ಆಯ್ತು. ಇಡೀ ಅಂಕಣದಲ್ಲಿ ದಾಖಲೆ ತೆರೆದಿರ್ಬೇಕು ತೆರೆದಿರ್ಬೇಕು ಅಂತ ಬರೆದು, ಅದೇ ತೆರೆದ ದಾಖಲೆ ಒಬ್ಬ ನಿರಪರಾಧಿಯ ಮನೆಗೆ ಹಿಂಗೆ ನುಗ್ಗುತ್ತೆ ಅನ್ನೋದಕ್ಕೆ ಏನ್ ಹೇಳ್ಲಿ. ಕಾನೂನಿನ ಸ್ಥಿತಿ ಹೇಳ್ತೀನಿ. ನಮ್ಮ ಕರ್ನಾಟಕ ಹೈಕೋರ್ಟ್ 2017ರಲ್ಲಿ ಒಂದು ಕೇಸಲ್ಲಿ ಒಬ್ಬ ಹೆಣ್ಣುಮಗಳ ಹೆಸರು ಇಂಟರ್ನೆಟ್ ಹುಡುಕಾಟದಲ್ಲಿ ಕಾಣದ ಹಾಗೆ ನೋಡ್ಕೊಳ್ಳಿ ಅಂತ ಹೇಳಿತ್ತು. 2024ರಲ್ಲಿ ಮದ್ರಾಸ್ ಹೈಕೋರ್ಟ್ ಖುಲಾಸೆ ಆದವರೊಬ್ಬರ ತೀರ್ಪನ್ನ ಒಂದು ಕಾನೂನು ವೆಬ್‌ಸೈಟಿಂದ ತೆಗೀರಿ ಅಂದಾಗ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಡ್ತು. ಅಂದ್ರೆ ಖುಲಾಸೆ ಆದ ಎಲ್ಲರಿಗೂ ಹೆಸರು ಅಳಿಸ್ಕೊಳ್ಳೋ ಹಕ್ಕು ಅಂತ ಗಟ್ಟಿಯಾಗಿ ನಿಂತ ಕಾನೂನು ಇಲ್ಲ, ಹೈಕೋರ್ಟಲ್ಲಿ ರಿಟ್ ಹಾಕಿ ಕೇಳಬಹುದು, ಕೇಸ್ ಎಂಥದ್ದು ಅನ್ನೋದರ ಮೇಲೆ ಹೋಗುತ್ತೆ.

ಪಾಸ್‌ಪೋರ್ಟ್ ವಿಷಯ ಸುಲಭ. ಕೇಸ್ ಬಾಕಿ ಇದ್ದವರಿಗೆ ಮಾತ್ರ 1993ರ ಅಧಿಸೂಚನೆ ಪ್ರಕಾರ ಕೋರ್ಟ್ ಅನುಮತಿ ಬೇಕು, ನಿಮಗೆ ಬೇಡ. ತೀರ್ಪಿನ ದೃಢೀಕೃತ ನಕಲು ಮೂರು ತೆಗೆಸಿ, ಒಂದು ಪಾಸ್‌ಪೋರ್ಟ್ ಆಫೀಸಿಗೆ, ಒಂದು ನಿಮ್ಮ ಸ್ಟೇಷನ್‌ಗೆ ಅರ್ಜಿ ಜೊತೆ ಕೊಟ್ಟು ಅವರ ರೆಕಾರ್ಡಲ್ಲಿ ಖುಲಾಸೆ ಅಂತ ಸೇರಿಸಿ ಅಂತ ಕೇಳಿ, ಸೀಲ್ ಹಾಕಿಸ್ಕೊಳ್ಳಿ. ಮೂರನೇದು ಮನೇಲಿ ಇರ್ಲಿ. ಇನ್ನೊಂದು ಸಂಬಂಧ ಬಂದಾಗ ಅವರು ಹುಡುಕೋದಕ್ಕೆ ಮುಂಚೆ ನೀವೇ ಆ ತೀರ್ಪಿನ ಕೊನೆ ಪುಟ ಅವರ ಕೈಗೆ ಕೊಡಿ ಅನ್ನೋದು ನನ್ನ ಸಲಹೆ. ನನ್ನ ಕಕ್ಷಿದಾರರೊಬ್ಬರು ಹಾಗೇ ಮಾಡಿದ್ರು, ಮದುವೆಗೆ ನನ್ನನ್ನೂ ಕರೆದಿದ್ರು.

ಪ್ರಶ್ನೆ: ನನಗೆ 68 ವರ್ಷ, ರಿಟೈರ್ಡ್ ಮೇಷ್ಟ್ರು. ಯಾವ ಕೇಸೂ ಇಲ್ಲ. ಸುಮ್ಮನೆ ಕೋರ್ಟಲ್ಲಿ ಕೂತು ನೋಡಬಹುದಾ? ಒಳಗೆ ಬಿಡ್ತಾರಾ? (ಕೆ.ಆರ್. ಪೇಟೆ)

ಉತ್ತರ: ಬಿಡ್ತಾರೆ ಮೇಷ್ಟ್ರೇ, ಬಿಡ್ಲೇಬೇಕು. ಕ್ರಿಮಿನಲ್ ವಿಚಾರಣೆ ತೆರೆದ ಕೋರ್ಟಲ್ಲೇ ಆಗ್ಬೇಕು ಅಂತ ಕಾನೂನಿದೆ, ಜಾಗ ಇರೋ ತನಕ ಯಾರ್ ಬೇಕಾದ್ರೂ ಕೂರಬಹುದು, ಅತ್ಯಾಚಾರ, ಪೋಕ್ಸೋ ಥರದ ಕೇಸು ಮಾತ್ರ ಬಾಗಿಲು ಹಾಕ್ಕೊಂಡು ನಡೆಸ್ತಾರೆ. ಬೆಳಿಗ್ಗೆ ಹನ್ನೊಂದಕ್ಕೆ ಮುಂಚೆ ಬನ್ನಿ, ಬಾಗಿಲ ಪಕ್ಕ ಅಂಟಿಸಿರೋ ಆವತ್ತಿನ ಕೇಸುಗಳ ಪಟ್ಟಿ (ಕಾಸ್ ಲಿಸ್ಟ್) ನೋಡಿ "ಸಾಕ್ಷ್ಯ" ಅಂತ ಇರೋ ಕೇಸು ಎಷ್ಟಿದೆ ನೋಡ್ಕೊಳ್ಳಿ, ಫೋನ್ ಆಫ್ ಮಾಡಿ ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಿ. ಯಾರಾದ್ರೂ ನೀವ್ಯಾರು ಅಂತ ಕೇಳಿದ್ರೆ ನೋಡೋಕೆ ಬಂದಿದ್ದೀನಿ ಅನ್ನಿ, ಅಷ್ಟು ಸಾಕು. ನಿಮ್ಮ ಜೊತೆ ಇನ್ನಿಬ್ಬರು ಮೇಷ್ಟ್ರನ್ನೂ ಕರ್ಕೊಂಡು ಬನ್ನಿ, ಹಿಂದಿನ ಬೆಂಚು ತುಂಬಿದ ದಿನ ವಾದ ಮಾಡೋಕೆ ನನಗೆ ತುಂಬಾ ಇಷ್ಟ.